ತವರು ತಪ್ಪಿದ ಹುಡುಕಾಟ: ಒಂದು ನೀರಕಳೆ, ಎರಡು ಮೂತಿಹುಳು

ಅಕ್ಕಿ ಆರಿಸುವಾಗ ಮೊರದ ಅಂಚಿಗೆ ಓಡುವುದು, ಮಾವಿನ ಓಟೆ ಸೀಳಿದರೆ ಒಳಗೆ ಕಪ್ಪಗೆ ಕುಳಿತಿರುವುದು, ತೆಂಗಿನ ಕಾಂಡ ಕೊರೆದು ಮರವನ್ನೇ ಕೆಡವುವುದು, ಎಲ್ಲವೂ ಮೂತಿಹುಳುಗಳೇ. ಆನೆಗೆ ಸೊಂಡಿಲಿದ್ದಂತೆ ಇವಕ್ಕೆ ಮುಂದಕ್ಕೆ ಚಾಚಿದ ಮೂತಿ, ಅದರ ತುದಿಯಲ್ಲಿ ಬಾಯಿ. ರೈತನಿಗೆ ಇವುಗಳ ಮೇಲೆ ಅಕ್ಕರೆ ಹುಟ್ಟಲು ಕಾರಣವೇ ಇಲ್ಲ. ಹಾಗಿದ್ದರೂ 1980ರ ದಶಕದ ಮೊದಲ ಭಾಗದಲ್ಲಿ ಬೆಂಗಳೂರಿನ ಕೀಟತಜ್ಞರು ಸಾಸಿವೆ ಕಾಳಿನಷ್ಟು ಗಾತ್ರದ ಒಂದು ಮೂತಿಹುಳುವನ್ನು ಆಸ್ಟ್ರೇಲಿಯಾದಿಂದ ತರಿಸಿ, ಸಾಕಿ, ಒಂದು ನೈದಿಲೆ ಕೊಳಕ್ಕೆ ಬಿಟ್ಟರು. ಕೊಳದ ಮೇಲೆ ಸಾಲ್ವಿನಿಯಾ ಎಂಬ ತೇಲುವ ಜರಿಗಿಡ ಚಾಪೆ ಹಾಸಿತ್ತು. ನೈದಿಲೆ ಎಲೆಗೆ ಮೇಲೆ ಬರಲು ಜಾಗವಿರಲಿಲ್ಲ. ಹನ್ನೊಂದು ತಿಂಗಳಲ್ಲಿ ಚಾಪೆ ಕರಗಿತು, ನೈದಿಲೆ ಮತ್ತೆ ಚಿಗುರಿತು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆ. ಪಿ. ಜಯಂತ್ 1987ರಲ್ಲಿ ಇದನ್ನು ಮೂರು ಪುಟದ ಪ್ರಬಂಧವಾಗಿ ಪ್ರಕಟಿಸಿದರು.

ಮೂರೇ ಪುಟ. ಓದಿದವರಿಗೆ ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ ಎನ್ನಿಸಿಬಿಡುತ್ತದೆ: ಹುಳು ತಂದರು, ಬಿಟ್ಟರು, ಕಳೆ ಹೋಯಿತು. ಆದರೆ ಆ ಹುಳು ಆ ಕೊಳಕ್ಕೆ ಇಳಿಯುವ ಮುಂಚೆ ಸುಮಾರು ಇಪ್ಪತ್ತು ವರ್ಷಗಳ ಕೆಲಸ ಅಡ್ಡದಾರಿ ಹಿಡಿದಿತ್ತು. ಸಮೀಕ್ಷೆ ಮಾಡಿದವರು ಸೋಮಾರಿಗಳಲ್ಲ, ಅಡ್ಡಾದಿಡ್ಡಿ ಕೆಲಸದವರೂ ಅಲ್ಲ. ಅವರ ಕೈಗೆ ಕೊಟ್ಟ ಗಿಡದ ಹೆಸರು ತಪ್ಪಾಗಿತ್ತು, ಅಷ್ಟೇ. ಈ ಬರಹ ಆ ಅಡ್ಡದಾರಿಯ ಬಗ್ಗೆ.

ಗಿಡ

ಸಾಲ್ವಿನಿಯಾಕ್ಕೆ ನಿಜವಾದ ಬೇರಿಲ್ಲ. ಪ್ರತಿ ಗೆಣ್ಣಿನಲ್ಲಿ ಮೂರು ಎಲೆ. ಎರಡು ನೀರಿನ ಮೇಲೆ ಹಸಿರಾಗಿ ತೇಲುತ್ತವೆ, ಮೂರನೆಯದು ನಾರು ನಾರಾಗಿ ಸೀಳಿ ನೀರಿನೊಳಗೆ ಬೇರಿನಂತೆ ಜೋತು ಬೀಳುತ್ತದೆ. ತೇಲುವ ಎಲೆಯ ಮೇಲ್ಮೈಯನ್ನು ಮಸೂರದಲ್ಲಿ ನೋಡಿದರೆ ಸಾಲು ಸಾಲು ಕಡಗೋಲುಗಳು ನಿಂತಂತೆ ಕಾಣುತ್ತದೆ: ಒಂದು ದಂಡು, ಅದರ ತಲೆಯಲ್ಲಿ ನಾಲ್ಕು ಎಳೆ, ನಾಲ್ಕೂ ತುದಿಯಲ್ಲಿ ಮತ್ತೆ ಕೂಡಿಕೊಂಡಿರುತ್ತವೆ. ಈ ಕಡಗೋಲು ಕೂದಲು ಗಾಳಿಯನ್ನು ಹಿಡಿದಿಡುವುದರಿಂದ ಎಲೆ ಎಷ್ಟು ಅದ್ದಿದರೂ ಒಣಗಿಯೇ ಮೇಲೆ ಬರುತ್ತದೆ.

ಇದಕ್ಕೆ ಬೀಜವಿಲ್ಲ, ಜರಿಗಿಡವಾದ್ದರಿಂದ ಬೀಜಕಣ ಇರಬೇಕು, ಆದರೆ ಅವೂ ಜೊಳ್ಳು. ಕ್ರೋಮೋಸೋಮುಗಳು ಐದು ಕಂತೆ, ಒಟ್ಟು 45. ಬೆಸ ಸಂಖ್ಯೆಯ ಕಂತೆ ಸರಿಯಾಗಿ ಇಬ್ಭಾಗವಾಗದ ಕಾರಣ ಗಿಡ ಬಂಜೆ. ವಂಶ ಬೆಳೆಯುವುದು ತುಂಡಾಗುವುದರಿಂದ ಮಾತ್ರ. ದೋಣಿಯ ಹುಟ್ಟು ತಾಗಿತು, ಎಮ್ಮೆ ನಡೆಯಿತು, ಯಾರೋ ಕಿತ್ತು ಎಸೆದರು, ಪ್ರತಿ ತುಂಡೂ ಒಂದು ಹೊಸ ಗಿಡ. ಬಿಸಿಲು, ಬೆಚ್ಚನೆಯ ನೀರು, ಗೊಬ್ಬರದ ಅಂಶ ಮೂರೂ ಒದಗಿದರೆ ಮೂರು ದಿನದೊಳಗೆ ಇಮ್ಮಡಿಯಾಗಬಲ್ಲದು. ಕೈಯಿಂದ ಕಿತ್ತು ಕಳೆ ತೆಗೆಸುವವರು ಅರಿಯದೆ ಅದನ್ನು ಬಿತ್ತುತ್ತಲೂ ಇರುತ್ತಾರೆ.

ದಕ್ಷಿಣ ಅಮೆರಿಕದ ಈ ಗಿಡ ಹೊರಗಿನ ನೀರಿನಲ್ಲಿ ತಳವೂರಿದ ಸುದ್ದಿ ಮೊದಲು ಕೇಳಿಸಿದ್ದು ನಮ್ಮ ಪಕ್ಕದಲ್ಲೇ, 1939ರಲ್ಲಿ ಸಿಲೋನಿನಿಂದ. ಕೊಲಂಬೊದ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗಕ್ಕೆ ಅಧ್ಯಯನಕ್ಕೆಂದು ತರಿಸಿದ ಗಿಡ ಅದು. ಪಾಠಕ್ಕೆ ಬಂದದ್ದು ಗದ್ದೆಗೆ ಇಳಿಯಿತು. 1955ರಲ್ಲಿ ತಿರುವನಂತಪುರದ ವೇಳಿ ಕೆರೆಯಲ್ಲಿ ಕಂಡಿತು. ಮುಂದಿನ ದಶಕದಲ್ಲಿ ಕುಟ್ಟನಾಡಿನ ಭತ್ತದ ಗದ್ದೆ ಮತ್ತು ಕಾಲುವೆಗಳಲ್ಲಿ ಪಿಡುಗಾಯಿತು. ಮಲಯಾಳಿಗಳು ಅದನ್ನು ಕರೆದದ್ದು ‘ಆಫ್ರಿಕನ್ ಪಾಯಲ್’ ಎಂದು, ಅಂದರೆ ಆಫ್ರಿಕದ ಪಾಚಿ. ಆಫ್ರಿಕದ್ದೂ ಅಲ್ಲ, ಪಾಚಿಯೂ ಅಲ್ಲ. ಈ ಪ್ರಕರಣದಲ್ಲಿ ಬರುವ ತಪ್ಪು ಹೆಸರುಗಳಲ್ಲಿ ಇದೊಂದೇ ನಿರುಪದ್ರವಿ.

ಆಫ್ರಿಕದಲ್ಲಿ ಅದು ಹೆಸರು ಮಾಡಿದ್ದಂತೂ ನಿಜ. ಜಾಂಬೆಜಿ ನದಿಗೆ ಕಟ್ಟಿದ ಕರೀಬಾ ಅಣೆಕಟ್ಟಿನ ಬಾಗಿಲು 1958ರ ಡಿಸೆಂಬರಿನಲ್ಲಿ ಮುಚ್ಚಿತು. ಮುಂದಿನ ವರ್ಷವೇ ಹಿನ್ನೀರಿನಲ್ಲಿ ಸಾಲ್ವಿನಿಯಾ ಕಾಣಿಸಿತು. 1962ರ ಹೊತ್ತಿಗೆ ಸುಮಾರು 1000 ಚದರ ಕಿಲೋಮೀಟರ್ ನೀರನ್ನು ಮುಚ್ಚಿತ್ತು. ಮುಳುಗಡೆಯಾದ ಕಾಡು ಕೊಳೆತು ನೀರಿಗೆ ಬಿಟ್ಟ ಸತ್ವವನ್ನೆಲ್ಲ ಅದು ಉಂಡಿತು. ಎಲ್ಲರ ಕಣ್ಣೂ ಈ ಕಳೆಯ ಮೇಲೆ ಬಿದ್ದದ್ದು ಆಗಲೇ.

ಮೊದಲ ಸಮೀಕ್ಷೆ

ಪರದೇಶದ ಕಳೆ ಕಾಡಿದಾಗ ಕೀಟತಜ್ಞರು ಮಾಡುವ ಮೊದಲ ಕೆಲಸ, ಅದರ ತವರಿಗೆ ಹೋಗಿ ಅಲ್ಲಿ ಅದನ್ನು ಯಾರು ತಿನ್ನುತ್ತಾರೆ ಎಂದು ನೋಡುವುದು. ಸಾಲ್ವಿನಿಯಾದ ತವರು ಯಾವುದು? ಆಫ್ರಿಕದ ಗಿಡವನ್ನು ಆಗ ಎಲ್ಲರೂ ಗುರುತಿಸಿದ್ದು ಸಾಲ್ವಿನಿಯಾ ಆರಿಕ್ಯುಲೇಟಾ ಎಂದು. ಆ ಪ್ರಭೇದ ಅಮೆರಿಕ ಖಂಡದ ಉಷ್ಣವಲಯದಲ್ಲಿ ವಿಶಾಲವಾಗಿ ಹರಡಿದೆ. ಹಾಗಾಗಿ 1960ರ ದಶಕದ ಆರಂಭದಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಫ್ರೆಡ್ ಬೆನೆಟ್ ಟ್ರಿನಿಡಾಡ್ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿ ಹುಡುಕಿದರು.

ಇಂಥ ಹುಡುಕಾಟ ಕೇಳಿದಷ್ಟು ರೋಚಕವಲ್ಲ. ಜೌಗಿನಲ್ಲಿ ಇಳಿದು ಗೊತ್ತಾದ ಅಳತೆಯ ಚೌಕಟ್ಟಿನೊಳಗಿನ ಗಿಡಗಳನ್ನು ಬಾಚಿ ಚೀಲಕ್ಕೆ ತುಂಬಬೇಕು. ಆಮೇಲೆ ಅವನ್ನು ದೊಡ್ಡ ಆಲಿಕೆಯ ಮೇಲಿನ ಜಾಲರಿಯಲ್ಲಿ ಹರಡಿ ಮೇಲಿನಿಂದ ದೀಪದ ಕಾವು ಕೊಡಬೇಕು. ಗಿಡ ಒಣಗುತ್ತ ಬಂದಂತೆ ಒಳಗಿನ ಹುಳುಗಳು ತೇವ ಹುಡುಕಿ ಕೆಳಗಿಳಿದು ಸಾರಾಯಿಯ ಸೀಸೆಗೆ ಬೀಳುತ್ತವೆ. ಮರಿಹುಳುಗಳು ಹೀಗೆ ಸುಲಭವಾಗಿ ಬರುವುದಿಲ್ಲ. ಅವಕ್ಕಾಗಿ ಕಾಂಡವನ್ನು ಒಂದೊಂದಾಗಿ ಸೀಳಿ ನೋಡಬೇಕು. ಎಷ್ಟು ಮೊಗ್ಗು ಇವೆ, ಎಷ್ಟು ಮೊಗ್ಗು ತಿಂದಿವೆ, ನೀರು ನಿಂತದ್ದೋ ಹರಿಯುವುದೋ, ನೆರಳಿದೆಯೇ, ಸುತ್ತ ಬೇರೆ ಯಾವ ಗಿಡವಿದೆ, ಎಲ್ಲವನ್ನೂ ಅಲ್ಲೇ ಬರೆದುಕೊಳ್ಳಬೇಕು. ಕೊನೆಯ ಈ ಕೆಲಸವನ್ನೇ ಬಹಳ ಮಂದಿ ಮನೆಗೆ ಬಂದ ಮೇಲೆ ನೆನಪಿನಿಂದ ಮಾಡುತ್ತಾರೆ, ಹಾಗಾಗಿ ಅದು ಕೆಡುತ್ತದೆ.

ಬೆನೆಟ್ ಅವರ ಪಟ್ಟಿಯಲ್ಲಿ ಮುಖ್ಯವಾಗಿ ಮೂರು ಕೀಟಗಳು ನಿಂತವು: ಪಾಲೀನಿಯಾ ಎಂಬ ಮಿಡತೆ, ಸೇಮಿಯಾ ಎಂಬ ಪತಂಗ, ಸಿರ್ಟೊಬೇಗಸ್ ಸಿಂಗ್ಯುಲಾರಿಸ್ ಎಂಬ ಮೂತಿಹುಳು. ಮಿಡತೆಯನ್ನು ಕರೀಬಾದಲ್ಲಿ ಬಿಟ್ಟರು, ಮುಂದೆ ಕೇರಳದಲ್ಲೂ ಬಿಟ್ಟರು. ಮೂತಿಹುಳುವನ್ನು 1970ರ ದಶಕದಲ್ಲಿ ಬೋಟ್ಸ್ವಾನಾದ ಚೋಬೆ ನದಿಯ ಕಡೆಗೆ ಒಯ್ದರು. ಹುಳು ಸಾಯಲಿಲ್ಲ, ಬದುಕಿತು, ತಿಂದಿತು ಕೂಡ. ಕಳೆ ಮಾತ್ರ ಜಗ್ಗಲಿಲ್ಲ. ಕರೀಬಾದಲ್ಲಿ ಕಳೆ ಮುಂದೆ ಇಳಿಯಿತಾದರೂ ಅದಕ್ಕೆ ಹೊಸ ಹಿನ್ನೀರಿನ ಸತ್ವ ಬರಿದಾದದ್ದೇ ದೊಡ್ಡ ಕಾರಣ ಎಂಬುದು ಬಹುಪಾಲು ತಜ್ಞರ ಎಣಿಕೆ. ಆ ಕೀರ್ತಿಯನ್ನು ಮಿಡತೆಗೆ ಕಟ್ಟುವುದು ಕಷ್ಟ.

ಇಲ್ಲಿಗೆ ಕಡತ ಮುಚ್ಚಬಹುದಿತ್ತು. ‘ಮೂತಿಹುಳು ಪ್ರಯೋಗಿಸಲಾಯಿತು, ಫಲ ಸಿಗಲಿಲ್ಲ’ ಎಂಬ ಒಂದು ಸಾಲು ಬರೆದರೆ ಮುಂದಿನವರು ಆ ಹುಳುವಿನ ಗೊಡವೆಗೇ ಹೋಗುತ್ತಿರಲಿಲ್ಲ.

ಒಣಗಿದ ಗಿಡ ಹೇಳಿದ್ದು

ಕಡತ ತೆರೆದೇ ಉಳಿಯಲು ಕಾರಣ ಕೀಟತಜ್ಞರಲ್ಲ, ಒಬ್ಬ ಸಸ್ಯಶಾಸ್ತ್ರಜ್ಞ. ಆಗಿನ ರೊಡೇಷಿಯಾದಲ್ಲಿ (ಇಂದಿನ ಜಿಂಬಾಬ್ವೆ) ಕರೀಬಾದ ಕಳೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಡಿ. ಎಸ್. ಮಿಚೆಲ್ 1972ರಲ್ಲಿ, ಇದು ಆರಿಕ್ಯುಲೇಟಾ ಅಲ್ಲ, ಬೇರೆಯೇ ಪ್ರಭೇದ ಎಂದು ತೋರಿಸಿ ಸಾಲ್ವಿನಿಯಾ ಮೊಲೆಸ್ಟಾ ಎಂದು ಹೆಸರಿಟ್ಟರು. ಮೊಲೆಸ್ಟಾ ಎಂದರೆ ಲ್ಯಾಟಿನ್‌ನಲ್ಲಿ ಕಿರುಕುಳದ್ದು. ಕಡಗೋಲು ಕೂದಲಿನಿಂದ ಇವೆರಡನ್ನು ಬೇರ್ಪಡಿಸಲಾಗುವುದಿಲ್ಲ, ಎರಡರಲ್ಲೂ ಎಳೆಗಳ ತುದಿ ಕೂಡಿರುತ್ತವೆ. ವ್ಯತ್ಯಾಸವಿರುವುದು ನೀರಿನೊಳಗೆ ಜೋತುಬಿದ್ದ ಬೀಜಕಣ ಚೀಲಗಳ ಜೋಡಣೆಯಲ್ಲಿ, ಮೇಲಿನಿಂದ ನೋಡುವವರ ಕಣ್ಣಿಗೆ ಬೀಳದ ಜಾಗದಲ್ಲಿ.

ಈಗ ಒಂದು ವಿಚಿತ್ರ ಪರಿಸ್ಥಿತಿ. ಮೂರು ಖಂಡಗಳಲ್ಲಿ ನದಿ ಕೆರೆಗಳನ್ನು ಮುಚ್ಚುತ್ತಿರುವ ಗಿಡಕ್ಕೆ ಹೆಸರು ಬಂತು, ಆದರೆ ಅದು ಕಾಡುಗಿಡವಾಗಿ ಎಲ್ಲಿ ಬೆಳೆಯುತ್ತದೆ ಎಂದು ಯಾರಿಗೂ ತಿಳಿದಿರಲಿಲ್ಲ. ದಕ್ಷಿಣ ಅಮೆರಿಕದಿಂದ ಸಿಕ್ಕ ಒಣಮಾದರಿ ರಿಯೊ ಡಿ ಜನೈರೊದ ಸಸ್ಯೋದ್ಯಾನದ್ದು, ಅಂದರೆ ಸಾಕಿದ ಗಿಡ. ಬಂಜೆಯಾದ್ದರಿಂದ ಇದು ತೋಟದಲ್ಲೇ ಹುಟ್ಟಿದ ಮಿಶ್ರತಳಿ ಇರಬಹುದು, ತವರೇ ಇಲ್ಲದ್ದಿರಬಹುದು ಎಂಬ ಗುಮಾನಿಯೂ ಇತ್ತು. ತವರೇ ಇಲ್ಲದಿದ್ದರೆ ಅದನ್ನೇ ನೆಚ್ಚಿ ಬದುಕುವ ಹುಳು ಎಲ್ಲಿಂದ ಬರಬೇಕು?

ಎರಡನೇ ಸಮೀಕ್ಷೆ

1978ರಲ್ಲಿ ಆಸ್ಟ್ರೇಲಿಯಾ ಸರಕಾರದ ವಿಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಸ್ಐಆರ್ಒದ ವೆಂಡಿ ಫೋರ್ನೊ ಮತ್ತು ಕೆನ್ ಹಾರ್ಲಿ ಬ್ರೆಜಿಲ್‌ನ ಆಗ್ನೇಯ ಭಾಗದಲ್ಲಿ ಮೊಲೆಸ್ಟಾವನ್ನು ಅದರ ನೆಲೆಯಲ್ಲೇ ಕಂಡುಹಿಡಿದರು. ದಕ್ಷಿಣ ಅಕ್ಷಾಂಶ 24ರಿಂದ 32 ಡಿಗ್ರಿಯ ನಡುವಿನ, ಕರಾವಳಿಗೆ ತೀರ ದೂರವಲ್ಲದ ಪಟ್ಟಿ ಅದು; ಟ್ರಿನಿಡಾಡಿನಿಂದ ಸಾವಿರಾರು ಕಿಲೋಮೀಟರ್ ದಕ್ಷಿಣಕ್ಕೆ. ಬೆನೆಟ್ ಹುಡುಕಿದ ಬಿಸಿ ಸೆಕೆಯ ನಾಡಲ್ಲ, ಚಳಿಗಾಲವಿರುವ ನಾಡು.

ತವರಿನಲ್ಲಿ ಅದು ಕಳೆಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಕೆರೆ ಮುಚ್ಚಿದ ಚಾಪೆಯನ್ನು ಹುಡುಕಿಕೊಂಡು ಹೋದವನಿಗೆ ಅದು ಸಿಗುವುದೇ ಇಲ್ಲ. ಹೊಂಡದ ಮೂಲೆ, ಜೌಗಿನ ಅಂಚು, ನಿಧಾನವಾಗಿ ಹರಿಯುವ ಹಳ್ಳದ ಬದಿ, ಇಂಥಲ್ಲಿ ಬೇರೆ ಗಿಡಗಳ ನಡುವೆ ಹರಕು ತೇಪೆಯಂತೆ ಇರುತ್ತದೆ, ಮೊಗ್ಗು ಕಂದಾಗಿ, ಕಾಂಡ ತೂತಾಗಿ. ಸಮೀಕ್ಷೆ ಮಾಡುವವರಿಗೆ ಬೇಕಾದದ್ದು ಹುಲುಸಾದ ಗಿಡವಲ್ಲ, ಈ ಬಡಕಲು ಗಿಡ.

ಅಲ್ಲಿ ಸಿಕ್ಕ ಕೀಟಗಳು ಯಾವುವು? ಪಾಲೀನಿಯಾ ಮಿಡತೆ, ಸೇಮಿಯಾ ಪತಂಗ, ಸಿರ್ಟೊಬೇಗಸ್ ಮೂತಿಹುಳು. ಅದೇ ಮೂರು! ಸುಮಾರು ಹದಿನೈದು ವರ್ಷ ಹಿಂದಿನ ಪಟ್ಟಿಯ ನಕಲು ಇದು ಎಂದು ಕಾಗದದ ಮೇಲೆ ನೋಡಿದವರಿಗೆ ಅನ್ನಿಸಿದರೆ ತಪ್ಪಲ್ಲ. ಮೂತಿಹುಳುವನ್ನು ಪರಿಣತರೂ ಸಿಂಗ್ಯುಲಾರಿಸ್ ಎಂದೇ ಗುರುತಿಸಿದರು. ಆಫ್ರಿಕದಲ್ಲಿ ಸೋತ ಹುಳು. ಆದರೂ ಅದನ್ನು ಬ್ರಿಸ್ಬೇನಿಗೆ ಒಯ್ದು, ಬೇರೆ ಗಿಡಗಳನ್ನು ತಿನ್ನುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, 1980ರ ಜೂನಿನಲ್ಲಿ ಕ್ವೀನ್ಸ್‌ಲ್ಯಾಂಡಿನ ಗಣಿ ಪಟ್ಟಣ ಮೌಂಟ್ ಐಸಾದ ಬಳಿಯ ಮೂಂಡಾರಾ ಸರೋವರಕ್ಕೆ ಬಿಟ್ಟರು. ಗಿಡದ ತವರು ಸರಿಯಾಗಿದೆ, ಅಲ್ಲಿಯ ಹುಳುವನ್ನು ಹೆಸರು ನೋಡಿ ಬಿಟ್ಟುಬಿಡಬಾರದು ಎಂಬ ಈ ಹಟವೇ ಇಡೀ ಪ್ರಕರಣದ ತಿರುವು ಎಂದು ನನ್ನ ಅಭಿಪ್ರಾಯ.

ಹದಿನಾಲ್ಕು ತಿಂಗಳಲ್ಲಿ ಸರೋವರದ ಸಾವಿರಾರು ಟನ್ ಕಳೆ ಕೊಳೆತು ತಳಕ್ಕಿಳಿಯಿತು. 1981ರಲ್ಲಿ ಪೀಟರ್ ರೂಮ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಈ ಯಶಸ್ಸನ್ನು ವರದಿ ಮಾಡಿದಾಗಲೂ ಹುಳುವಿನ ಹೆಸರು ಸಿಂಗ್ಯುಲಾರಿಸ್ ಎಂದೇ ಅಚ್ಚಾಯಿತು.

ಒಂದೇ ಹೆಸರಿನ ಹುಳು ಒಂದು ಖಂಡದಲ್ಲಿ ಸೋತು ಇನ್ನೊಂದರಲ್ಲಿ ಗೆಲ್ಲುವುದು ಹೇಗೆ? ಹವೆ, ನೀರು, ಶತ್ರುಗಳು ಎಂದು ನೂರು ಸಬೂಬು ಹೇಳಬಹುದು. ಸಿಎಸ್ಐಆರ್ಒದವರು ಹಾಗೆ ಮಾಡದೆ ಎರಡೂ ಕಡೆಯ ಹುಳುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಬರಿಗಣ್ಣಿಗೆ ಎರಡೂ ಒಂದೇ: ಎರಡು ಮಿಲಿಮೀಟರ್, ಕಪ್ಪು ಮೈ, ಕೆಂಗಂದು ಕಾಲು. ಸೂಕ್ಷ್ಮದರ್ಶಕದಲ್ಲಿ ಮೈಮೇಲಿನ ಗುರುತುಗಳು, ಜನನಾಂಗದ ಆಕಾರ ಬೇರೆ. 1985ರಲ್ಲಿ ಕಾಲ್ಡರ್ ಮತ್ತು ಸ್ಯಾಂಡ್ಸ್ ಬ್ರೆಜಿಲ್‌ನ ಹುಳುವನ್ನು ಹೊಸ ಪ್ರಭೇದವೆಂದು ವರ್ಣಿಸಿ ಸಿರ್ಟೊಬೇಗಸ್ ಸಾಲ್ವಿನಿಯೇ ಎಂದು ಕರೆದರು. ಅಂದರೆ ಮೂಂಡಾರಾದ ಕಳೆಯನ್ನು ಮುಗಿಸಿದ್ದು ಆವರೆಗೆ ವಿಜ್ಞಾನದಲ್ಲಿ ಹೆಸರೇ ಇಲ್ಲದ ಹುಳು.

ನಡತೆಯ ವ್ಯತ್ಯಾಸ ಇನ್ನೂ ದೊಡ್ಡದು. ಎರಡರಲ್ಲೂ ಪ್ರೌಢ ಹುಳು ಎಳೆಯ ಮೊಗ್ಗು ತಿನ್ನುತ್ತದೆ. ಸಿಂಗ್ಯುಲಾರಿಸ್‌ನ ಮರಿ ಹೊರಗಿನಿಂದಲೇ ಮೇಯುತ್ತದೆ. ಸಾಲ್ವಿನಿಯೇಯ ಮರಿ ಕಾಂಡದೊಳಗೆ ನುಗ್ಗಿ ಸುರಂಗ ಕೊರೆಯುತ್ತದೆ. ಕಾಂಡ ಟೊಳ್ಳಾದರೆ ಗಿಡ ಕಂದಾಗಿ, ಗಾಳಿ ಹಿಡಿಯಲಾರದೆ ಮುಳುಗುತ್ತದೆ. ತಾಯಿ ಮೊಗ್ಗು ತಿನ್ನುವುದು, ಮರಿ ಕಾಂಡ ಕೊರೆಯುವುದು ಎರಡೂ ಸೇರಿದರೆ ಮಾತ್ರ, ಮೂರು ದಿನಕ್ಕೆ ಇಮ್ಮಡಿಯಾಗುವ ಗಿಡವನ್ನು ಹಿಂದೆ ಹಾಕಬಹುದು. 1980ರ ದಶಕದಲ್ಲಿ ಇದೇ ಹುಳುವನ್ನು ನಮೀಬಿಯಾದ ಪೂರ್ವ ಕಪ್ರೀವಿಗೆ, ಅಂದರೆ ಸಿಂಗ್ಯುಲಾರಿಸ್ ಸೋತಿದ್ದ ಅದೇ ನದಿಗಳ ನೆರೆಗೆ ಬಿಟ್ಟಾಗ ಕಳೆ ಇಳಿಯಿತು. ಸಂಶಯಕ್ಕೆ ಇದ್ದ ಕೊನೆಯ ಜಾಗವೂ ಹೋಯಿತು.

ಸೆಪಿಕ್: ನೆಲೆಯ ಪ್ರಶ್ನೆ ಮತ್ತೊಮ್ಮೆ

ಸರಿಯಾದ ಗಿಡ, ಸರಿಯಾದ ಹುಳು. ಮುಗಿಯಿತಲ್ಲ? ಪಪುವಾ ನ್ಯೂ ಗಿನಿಯ ಸೆಪಿಕ್ ನದಿ ಮುಗಿದಿಲ್ಲ ಎಂದಿತು. 1970ರ ದಶಕದಲ್ಲಿ ಕೆಲವೇ ಗಿಡಗಳಿಂದ ಶುರುವಾದ ಕಳೆ ಅಲ್ಲಿಯ ಕೆಳಬಯಲಿನ ಸರೋವರಗಳಲ್ಲಿ ಸುಮಾರು 250 ಚದರ ಕಿಲೋಮೀಟರ್ ಆವರಿಸಿತ್ತು. ದೋಣಿಯೇ ರಸ್ತೆಯಾದ ಊರುಗಳು; ಮೀನಿಗೆ, ಸಂತೆಗೆ, ಆಸ್ಪತ್ರೆಗೆ ಹೋಗಲಾಗದೆ ಕೆಲವು ಹಳ್ಳಿಗಳನ್ನೇ ಜನ ಬಿಟ್ಟು ಹೋದರು. 1982ರಲ್ಲಿ ಹುಳು ಬಿಟ್ಟರು, ಅದು ನೆಲೆಯೂರಲಿಲ್ಲ.

ಪಿ. ಎ. ಥಾಮಸ್ ಮತ್ತು ರೂಮ್ ಗಿಡವನ್ನೇ ಪರೀಕ್ಷಿಸಿದರು. ಅಲ್ಲಿಯ ಸಾಲ್ವಿನಿಯಾದಲ್ಲಿ ಸಾರಜನಕ ತೀರ ಕಡಿಮೆ. ಅಂಥ ಮೇವು ತಿಂದ ಹುಳು ಹೊಟ್ಟೆ ತುಂಬಿಸಿಕೊಂಡರೂ ಸಂತಾನ ಬೆಳೆಸಲಾರದು. ಅವರು ಸಣ್ಣ ಆವರಣಗಳೊಳಗಿನ ಕಳೆಗೆ ಯೂರಿಯಾ ಹಾಕಿದರು. ಕೊಲ್ಲಬೇಕಾದ ಕಳೆಗೆ ಗೊಬ್ಬರ! ನಮ್ಮಲ್ಲಾಗಿದ್ದರೆ ಲೆಕ್ಕ ತಪಾಸಣೆಯವರು ಈ ಖರ್ಚಿಗೆ ಕಣ್ಣು ಕೆಂಪಗೆ ಮಾಡುತ್ತಿದ್ದರು. ಸತ್ವ ಏರಿದ ಗಿಡದ ಮೇಲೆ ಹುಳು ಹೆಚ್ಚಿತು, ಹೆಚ್ಚಿದ ಹುಳು ಕಾಂಡವನ್ನು ಗಾಸಿಗೊಳಿಸಿತು. ಗಾಸಿಯಾದ ಗಿಡ ಸಾರಜನಕವನ್ನು ಉಳಿದ ಮೊಗ್ಗುಗಳಿಗೆ ಒಟ್ಟುಗೂಡಿಸುವುದರಿಂದ ಮುಂದೆ ಗೊಬ್ಬರವೂ ಬೇಕಾಗಲಿಲ್ಲ. ಅಲ್ಲಿಂದ ಹುಳು ತುಂಬಿದ ಕಳೆಯನ್ನು ಚೀಲಗಳಲ್ಲಿ ನದಿಯುದ್ದಕ್ಕೂ ಒಯ್ದು ಹಂಚಿದರು. 1985ರ ಹೊತ್ತಿಗೆ 250 ಚದರ ಕಿಲೋಮೀಟರ್ ಇದ್ದದ್ದು ಸುಮಾರು 2ಕ್ಕೆ ಇಳಿಯಿತು. ಆ ವರ್ಷದ ಯುನೆಸ್ಕೊ ವಿಜ್ಞಾನ ಪ್ರಶಸ್ತಿ ಈ ತಂಡಕ್ಕೆ ಸಂದಿತು.

ನೆಲೆ ಎಂದರೆ ನಕ್ಷೆಯ ಮೇಲಿನ ಚುಕ್ಕೆಯಷ್ಟೇ ಅಲ್ಲ, ಎಲೆಯೊಳಗಿನ ಸಾರಜನಕವೂ ನೆಲೆಯೇ. ಕೀಟ ಸಮೀಕ್ಷೆಗಳ ವರದಿಯಲ್ಲಿ ಹುಳುವಿನ ಸಂಖ್ಯೆಗೆ ಕೊಡುವ ಜಾಗದ ಕಾಲುಭಾಗವನ್ನೂ ಗಿಡದ ಸ್ಥಿತಿಗೆ ಕೊಡದಿರುವುದನ್ನು ಕಂಡಾಗ ನನಗೆ ಸೆಪಿಕ್ ನೆನಪಾಗುತ್ತದೆ.

ಕುಟ್ಟನಾಡಿಗೆ

ಬೆಂಗಳೂರಿನ ಕೊಳಕ್ಕೆ ಬಂದ ಹುಳು ಈ ಎರಡನೇ ಸಮೀಕ್ಷೆಯ ಫಲ. ಅದೇ ಹೊತ್ತಿಗೆ ಕೇರಳ ಕೃಷಿ ವಿಶ್ವವಿದ್ಯಾಲಯದ ಪಿ. ಜೆ. ಜಾಯ್ ಮತ್ತು ಸಂಗಡಿಗರು ಅದನ್ನು ಕೇರಳದ ನೀರಿಗೆ ಬಿಟ್ಟರು. ಮೂರು ನಾಲ್ಕು ವರ್ಷಗಳಲ್ಲಿ ಕುಟ್ಟನಾಡಿನ ಕಾಲುವೆಗಳಲ್ಲಿ ದೋಣಿ ಮತ್ತೆ ಸರಾಗವಾಯಿತು. ಭತ್ತದ ಗದ್ದೆಯಿಂದ ಈ ಕಳೆಯನ್ನು ಆಳಿಟ್ಟು ತೆಗೆಸಲು ಆಗ ಹೆಕ್ಟೇರಿಗೆ 235 ರೂಪಾಯಿ ತಗಲುತ್ತಿತ್ತು ಎಂದು ಜೈವಿಕ ನಿಯಂತ್ರಣದ ವರದಿಗಳು ಲೆಕ್ಕ ಹಾಕಿವೆ. ಆ ಖರ್ಚು ನಿಂತಿತು. ಕಳೆ ಮೊದಲು ಕಾಲಿಟ್ಟ ಶ್ರೀಲಂಕಾಕ್ಕೂ 1986ರಲ್ಲಿ ಹುಳು ಹೋಯಿತು. ಅಲ್ಲಿ ಹಾಕಿದ ಒಂದು ರೂಪಾಯಿಗೆ 53 ರೂಪಾಯಿ ಮರಳಿತು ಎಂದು ಅರ್ಥಶಾಸ್ತ್ರಜ್ಞ ಡೋಲಮನ್ ಬರೆದಿದ್ದಾರೆ.

ಆ ಲೆಕ್ಕದಲ್ಲಿ ಮಿಚೆಲ್ ಅವರ ಒಣಮಾದರಿಗಳ ಬೆಲೆ ಎಷ್ಟು, ಕಾಲ್ಡರ್ ಮತ್ತು ಸ್ಯಾಂಡ್ಸ್ ಸೂಕ್ಷ್ಮದರ್ಶಕದ ಮುಂದೆ ಕುಳಿತ ಗಂಟೆಗಳ ಬೆಲೆ ಎಷ್ಟು ಎಂದು ವಿಂಗಡಿಸಿ ತೋರಿಸುವುದು ಸುಲಭವಲ್ಲ. ನಮ್ಮಲ್ಲಿ ಜೀರುಂಡೆಗಳ ಪೆಟ್ಟಿಗೆ ಕಾಯುವವರಿಗೆ, ಒಣಗಿಡ ಅಂಟಿಸುವವರಿಗೆ ಅನುದಾನ ಕೇಳುವಾಗ ಬಾಯಿ ಒಣಗುವುದು ಇದಕ್ಕೇ.

ಹೆಸರಿನ ತಕರಾರು ಆಮೇಲೂ ಪೂರ್ತಿ ತೀರಲಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಬೇರೊಂದು ಪುಟ್ಟ ಸಾಲ್ವಿನಿಯಾದ ಮೇಲೆ ಬದುಕುತ್ತಿದ್ದ ಮೂತಿಹುಳುವನ್ನು ದೀರ್ಘಕಾಲ ಸಿಂಗ್ಯುಲಾರಿಸ್ ಎನ್ನುತ್ತಿದ್ದರು; ಮತ್ತೆ ನೋಡಿದಾಗ ಅದು ಸಾಲ್ವಿನಿಯೇ, ಆದರೆ ಬ್ರೆಜಿಲ್‌ನ ಹುಳುವಿಗಿಂತ ಡಿಎನ್ಎ ತುಸು ಬೇರೆ, ಮೈಯೂ ಕಿರಿದು. ಲೂಸಿಯಾನಾದ ಉತ್ತರದಲ್ಲಿ ಚಳಿಗೆ ಹುಳು ಸಾಯುವುದರಿಂದ ಚಳಿ ತಾಳುವ ತಳಿಗಾಗಿ ದಕ್ಷಿಣ ಅಮೆರಿಕದ ಇನ್ನೂ ದಕ್ಷಿಣದ ನೀರುಗಳಲ್ಲಿ ಹುಡುಕಾಟ ನಡೆದಿದೆ. ನಮ್ಮಲ್ಲಿ ಮಧ್ಯಪ್ರದೇಶದ ಕೆರೆ, ಜಲಾಶಯಗಳಿಗೆ ಸಾಲ್ವಿನಿಯಾ ನುಗ್ಗಿದಾಗ ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯದವರು ಕೇರಳದ ಹುಳುವನ್ನೇ ತಂದು ಸಾಕಿ ಬಿಟ್ಟರು.

ಕುಟ್ಟನಾಡಿನಲ್ಲಿ ಸಾಲ್ವಿನಿಯಾ ನಿರ್ನಾಮವಾಗಿಲ್ಲ, ಆಗುವುದೂ ಇಲ್ಲ. ಅಲಪ್ಪುಳದ ಕಡೆ ರಸ್ತೆಬದಿಯ ಒಂದು ಹಳ್ಳದಲ್ಲಿ ಮೊರದಗಲದ ತೇಪೆಯೊಂದು ಕಂಡಾಗ ನಾನು ಬಗ್ಗಿ ಒಂದು ಗಿಡ ಎತ್ತಿ ನೋಡಿದೆ. ತುದಿಯ ಮೊಗ್ಗು ಕಂದಾಗಿತ್ತು, ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು. ಕಾಂಡವನ್ನು ಉಗುರಿನಿಂದ ಸೀಳಿದೆ: ಒಳಗೆ ಕಪ್ಪು ಸುರಂಗ, ಅದರ ಕೊನೆಯಲ್ಲಿ ಬಿಳಿ ಮರಿ. ದೋಣಿ ಕಟ್ಟುತ್ತಿದ್ದ ಹಿರಿಯರೊಬ್ಬರು ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ತೋರಿಸಿದೆ. ‘ಪಾಯಲ್‌ಗೆ ಹುಳು ಹಿಡಿದಿದೆ, ಇರಲಿ ಬಿಡಿ’ ಎಂದು ನಕ್ಕು ಹಗ್ಗ ಬಿಗಿದರು.